ಬೇಬಿ ಕ್ಯಾರಿಯರ್ ಕೊಳ್ಳುವ ಮೊದಲು: ಮಗುವಿನ ಮಂಡಿ, ನಿಮ್ಮ ಸೊಂಟ, ಮನೆಯ ಮೆಟ್ಟಿಲು

ನನ್ನ ಮಗಳು ಹುಟ್ಟಿದಾಗ 2.7 ಕೆ.ಜಿ. ಇದ್ದಳು. ನನಗೆ ಏಳು ತಿಂಗಳಾಗಿದ್ದಾಗಲೇ ತರಿಸಿಟ್ಟಿದ್ದ, ಮಗುವನ್ನು ಮೈಗೆ ಕಟ್ಟಿಕೊಂಡು ಹೊರುವ ಕ್ಯಾರಿಯರ್‌ನ ಚೀಟಿಯಲ್ಲಿ "3.5 ಕೆ.ಜಿ.ಯಿಂದ" ಎಂದು ಬರೆದಿತ್ತು. ಹಾಗಾಗಿ ಬಾಣಂತನದ ಮೊದಲ ದಿನಗಳೆಲ್ಲ ಅದು ಬೀರುವಿನಲ್ಲೇ ಉಳಿಯಿತು. ಎರಡೂವರೆ ತಿಂಗಳಿಗೆ ತೆಗೆದು ಹಾಕಿಕೊಂಡೆ. ಅವಳ ಕಾಲುಗಳು ನೇರವಾಗಿ ಕೆಳಗೆ ಜೋತು ಬಿದ್ದವು. ಅವಳ ಭಾರವೆಲ್ಲ ತೊಡೆಸಂದಿನ ಮೇಲೆ ಬಿದ್ದು ಅಲ್ಲಿ ಕೆಂಪು ಗೆರೆ ಮೂಡಿತ್ತು. ಹದಿನೈದು ನಿಮಿಷಕ್ಕೆ ನನ್ನ ಕತ್ತು, ಭುಜ ಎರಡೂ ಹಿಡಿದುಕೊಂಡವು. ಮಗು ಅಳುತ್ತಲೇ ಇತ್ತು.

ಅಮ್ಮ ಬಂದು ಅವಳನ್ನು ಎತ್ತಿಕೊಂಡರು. ಒಂದು ಕೈ ಅಂಡಿನ ಕೆಳಗೆ, ಇನ್ನೊಂದು ಬೆನ್ನ ಮೇಲೆ. ಮಗು ಕಪ್ಪೆಮರಿಯ ಹಾಗೆ ಎರಡೂ ಮಂಡಿ ಮಡಚಿ ಮೇಲಕ್ಕೆ ಎಳೆದುಕೊಂಡು ಅಮ್ಮನ ಎದೆಗೆ ಅಂಟಿಕೊಂಡಿತು. ಅಳು ನಿಂತಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಅಂತ ಗಾದೆ ಇದೆಯಲ್ಲ, ಕ್ಯಾರಿಯರ್ ವಿಷಯದಲ್ಲಿ ಅದು ಪೂರ್ತಿ ನಿಜ. ನಮ್ಮವರು ಕೂಸನ್ನು ಎದೆಗವಚಿಕೊಳ್ಳುವ ರೀತಿ, ಸೊಂಟದ ಮೇಲೆ ಕೂರಿಸಿಕೊಳ್ಳುವ ರೀತಿ, ಇವೇ ಸರಿಯಾದ ಅಳತೆ. ಯಾವ ಕ್ಯಾರಿಯರ್ ಆ ಭಂಗಿಯನ್ನು ಕೈಯಿಲ್ಲದೆ ಹಿಡಿದಿಡುತ್ತದೋ ಅದೇ ಒಳ್ಳೆಯ ಕ್ಯಾರಿಯರ್.

ಆದ್ದರಿಂದ ಅಂಗಡಿಯ ಫೋಟೋ, ರಿವ್ಯೂ ಎಲ್ಲ ಆಮೇಲೆ. ಮನೆಯಲ್ಲಿ ಮಾಡಬೇಕಾದ ಕೆಲಸ ಮೊದಲು.

ಮಗುವನ್ನು ತೂಗಿ, ಅಳೆಯಿರಿ

ತೂಕ ಮೊದಲು. ಪಟ್ಟಿಗಳನ್ನು ಕ್ಲಿಪ್ ಹಾಕಿ ಬಿಗಿಯುವ ಹೆಚ್ಚಿನ ಬಕಲ್ ಕ್ಯಾರಿಯರ್‌ಗಳ ಕನಿಷ್ಠ ಮಿತಿ 3.2 ಅಥವಾ 3.5 ಕೆ.ಜಿ. ನಮ್ಮಲ್ಲಿ ತುಂಬಾ ಮಕ್ಕಳು ಹುಟ್ಟುವಾಗ ಎರಡೂವರೆಯಿಂದ ಮೂರು ಕೆ.ಜಿ. ನಡುವೆ ಇರುತ್ತವೆ. ಅಂದರೆ ಪೆಟ್ಟಿಗೆ ಮೇಲೆ "ಹುಟ್ಟಿದ ದಿನದಿಂದ" ಎಂದಿದ್ದರೂ ನಮ್ಮ ಕೂಸಿಗೆ ಅದು ಒಂದು ತಿಂಗಳಾದ ಮೇಲೆ ಹೊಂದಬಹುದು. ಹೆರಿಗೆಗೆ ಮುಂಚೆ ಕೊಳ್ಳುವ ಆತುರ ಬೇಡ ಎನ್ನುವುದು ಇದಕ್ಕೇ. ಮಗು ಬರಲಿ, ಒಂದೆರಡು ಲಸಿಕೆಗೆ ಹೋದಾಗ ತೂಕ ಗೊತ್ತಾಗುತ್ತದೆ, ಆಗ ನೋಡಿ.

ಎರಡನೇದು ಟೇಪಿನ ಅಳತೆ. ಮಗುವನ್ನು ಹಾಸಿಗೆ ಮೇಲೆ ಅಂಗಾತ ಮಲಗಿಸಿ. ಡೈಪರ್ ಬದಲಿಸುವಾಗ ಅದು ತಾನಾಗೇ ಕಾಲು ಮಡಚಿ ಅಗಲಿಸುತ್ತದಲ್ಲ, ಅದೇ ಭಂಗಿಯಲ್ಲಿ ಒಂದು ಮಂಡಿಯ ಹಿಂದಿನ ಸಂದಿಯಿಂದ ಅಂಡಿನ ಕೆಳಗೆ ಹಾಯಿಸಿ ಇನ್ನೊಂದು ಮಂಡಿಯ ಸಂದಿಯವರೆಗೆ ಟೇಪ್ ಹಿಡಿಯಿರಿ. ಒತ್ತಿ ಅಗಲಿಸಬೇಡಿ. ಎಷ್ಟು ಬಂತೋ ಅದೇ ಕ್ಯಾರಿಯರ್‌ನ ಕೂರುವ ಭಾಗದ ಅಗಲ. ಅದಕ್ಕಿಂತ ಕಡಿಮೆ ಇದ್ದರೆ ಕಾಲು ಜೋತು ಬೀಳುತ್ತದೆ. ಜಾಸ್ತಿ ಇದ್ದರೆ ಬಟ್ಟೆ ಮಂಡಿ ದಾಟಿ ಕಾಲನ್ನು ಬಲವಂತವಾಗಿ ಚಾಚಿಸುತ್ತದೆ. ಈ ಒಂದು ಅಳತೆಯನ್ನು ಬರೆದಿಟ್ಟುಕೊಂಡರೆ ಆನ್‌ಲೈನ್‌ನಲ್ಲಿ ಅರ್ಧ ಆಯ್ಕೆಗಳು ತಾವಾಗೇ ಬಿದ್ದುಹೋಗುತ್ತವೆ. ಮಗುವಿನ ಬೆನ್ನಿಗೆ ಬರುವ ಬಟ್ಟೆಯ ಭಾಗ, ಅಂದರೆ ಪ್ಯಾನೆಲ್‌ನ ಎತ್ತರವೂ ನೋಡಿ. ಚಿಕ್ಕ ಕೂಸಿಗೆ ಅದು ಕತ್ತಿನವರೆಗೆ ಬಂದು ತಲೆಗೆ ಆಸರೆ ಕೊಡಬೇಕು, ಮುಖ ಮುಚ್ಚಬಾರದು.

ಅವಧಿಗೆ ಮುಂಚೆ ಹುಟ್ಟಿದ ಮಗು, ಎರಡೂವರೆ ಕೆ.ಜಿ.ಗಿಂತ ಕಡಿಮೆ ಇರುವ ಮಗು, ಉಸಿರಾಟದ ತೊಂದರೆ ಇರುವ ಮಗು ಆಗಿದ್ದರೆ ಮಕ್ಕಳ ಡಾಕ್ಟರನ್ನು ಕೇಳದೆ ಯಾವ ಕ್ಯಾರಿಯರ್ ಕೂಡ ಬೇಡ. ಇಲ್ಲಿ ಒಂದು ಗೊಂದಲ ತಿಳಿಯಾಗಬೇಕು. ಕಾಂಗರೂ ಆರೈಕೆ ಎನ್ನುವುದು ಬೇರೆ. ಕೊಲಂಬಿಯಾದ ಬೊಗೋಟಾದಲ್ಲಿ 1970ರ ದಶಕದ ಕೊನೆಗೆ ಶುರುವಾದ ಪದ್ಧತಿ ಅದು. ಕಡಿಮೆ ತೂಕದ ಕೂಸನ್ನು ತಾಯಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ಗಂಟೆಗಟ್ಟಲೆ ಇಟ್ಟುಕೊಳ್ಳುವುದು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಅದನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ದೊಡ್ಡ ಮಟ್ಟದಲ್ಲಿ ಅಳವಡಿಸಿದ್ದಾರೆ. ಅದು ಚಿಕಿತ್ಸೆಯ ಭಾಗ, ನರ್ಸ್ ಹೇಳಿಕೊಟ್ಟ ಹಾಗೆ ಮಾಡುವಂಥದ್ದು. ಅಂಗಡಿಯ ಕ್ಯಾರಿಯರ್ ಅದರ ಜಾಗಕ್ಕೆ ಬರುವುದಿಲ್ಲ.

ಮಂಡಿ ಮೇಲೆ, ಗದ್ದ ಮೇಲೆ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಉಳಿದೆಲ್ಲ ಮರೆತರೂ ಈ ಎರಡು ವಿಷಯ ಮರೆಯಬಾರದು.

ಕಾಲು ಮೊದಲು. ಹುಟ್ಟಿದಾಗ ತೊಡೆಯ ಮೂಳೆಯ ಗುಂಡು ಕೂರುವ ಬಟ್ಟಲು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಮೆದುಮೂಳೆಯೇ ಜಾಸ್ತಿ. ಮಂಡಿ ಅಂಡಿಗಿಂತ ಮೇಲಿದ್ದು, ತೊಡೆ ಎರಡೂ ಕಡೆ ಅಗಲಿಸಿಕೊಂಡಿದ್ದರೆ ಗುಂಡು ಬಟ್ಟಲಿನ ನಡುವೆ ಚೆನ್ನಾಗಿ ಕೂರುತ್ತದೆ. ಮುಂದಿನಿಂದ ನೋಡಿದರೆ ಇಂಗ್ಲಿಷಿನ ಎಂ ಅಕ್ಷರದ ಹಾಗೆ ಕಾಣುತ್ತದೆ. ಕಾಲು ನೇರ ಮಾಡಿ ಬಿಗಿಯಾಗಿ ಸುತ್ತಿಟ್ಟರೆ ಕೀಲು ಸರಿಯಾಗಿ ಕೂರದ ಅಪಾಯ ಹೆಚ್ಚು ಎನ್ನುವುದು ಗೊತ್ತಿರುವ ಸಂಗತಿ. ಆರೋಗ್ಯವಾಗಿರುವ ಮಗು ಹತ್ತು ನಿಮಿಷ ಕಾಲು ಜೋತುಬಿಟ್ಟು ಕೂತರೆ ಏನೋ ಆಗಿಬಿಡುತ್ತದೆ ಎಂದು ಹೆದರಬೇಕಿಲ್ಲ. ಆದರೆ ದಿನಾ ಗಂಟೆಗಟ್ಟಲೆ ಬಳಸುವ ವಸ್ತು ಮೊದಲಿನಿಂದಲೇ ಸರಿ ಇರಲಿ. ನಿಮ್ಮ ಮಗು ಹೊಟ್ಟೆಯಲ್ಲಿ ತಲೆ ಮೇಲಾಗಿ ಕೂತಿತ್ತು ಎಂದಾದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಹುಟ್ಟಿನಿಂದ ತೊಡೆಯ ಕೀಲಿನ ತೊಂದರೆ ಇದ್ದರೆ, ಡಾಕ್ಟರ್ ಹತ್ತಿರ ಕೀಲನ್ನು ಪರೀಕ್ಷೆ ಮಾಡಿಸಿ. ಹೆಣ್ಣುಮಕ್ಕಳಲ್ಲಿ ಈ ತೊಂದರೆ ಜಾಸ್ತಿ.

ಇನ್ನು ಉಸಿರು. ಇದರಲ್ಲಿ ರಾಜಿಯೇ ಇಲ್ಲ. ಕೂಸಿನ ತಲೆ ಭಾರ, ಕತ್ತಿಗೆ ಬಲವಿಲ್ಲ, ಶ್ವಾಸನಾಳ ಸಣ್ಣದು, ಮೆತ್ತನೆಯದು. ಗದ್ದ ಎದೆಗೆ ಒತ್ತಿಕೊಂಡರೆ ನಳಿಗೆ ಮಡಚಿದ ಹಾಗಾಗುತ್ತದೆ. ಮಗು ಅಳುವುದೂ ಇಲ್ಲ, ಸುಮ್ನೆ ನಿದ್ದೆ ಮಾಡಿದ ಹಾಗೇ ಕಾಣುತ್ತದೆ. ಅಮೆರಿಕದ ಗ್ರಾಹಕ ವಸ್ತು ಸುರಕ್ಷತಾ ಆಯೋಗ 2010ರಲ್ಲಿ, ಭುಜದಿಂದ ಇಳಿಬಿಟ್ಟು ಮಗುವನ್ನು ಇಟ್ಟುಕೊಳ್ಳುವ ಬಟ್ಟೆಯ ಸ್ಲಿಂಗ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಆಗ ಅದರ ಮುಂದಿದ್ದ 14 ಸಾವಿನ ಪ್ರಕರಣಗಳಲ್ಲಿ 12 ಮಕ್ಕಳು 4 ತಿಂಗಳಿಗಿಂತ ಚಿಕ್ಕವು. ಚೀಲದ ಹಾಗೆ ಆಳವಾಗಿ, ಮಗು ಒಳಗೆ ಮುದುಡಿ ಮಲಗುವಂಥ ಸ್ಲಿಂಗ್ ಇದ್ದರೆ ಯಾರು ಉಡುಗೊರೆ ಕೊಟ್ಟರೂ ಬಳಸಬೇಡಿ.

ನೋಡುವ ರೀತಿ ಸುಲಭ. ಮಗುವಿನ ಮುಖ ನೀವು ಕತ್ತು ಬಗ್ಗಿಸಿದರೆ ಸಾಕು, ಬಟ್ಟೆ ಸರಿಸದೆ ಕಾಣಬೇಕು. ಹಾಗೇ ಬಗ್ಗಿ ತಲೆಗೆ ಮುತ್ತು ಕೊಡುವಷ್ಟು ಎತ್ತರದಲ್ಲಿ ಮಗು ಇರಬೇಕು. ಗದ್ದಕ್ಕೂ ಎದೆಗೂ ನಡುವೆ ನಿಮ್ಮ ಎರಡು ಬೆರಳು ಹಿಡಿಯುವಷ್ಟು ಜಾಗ ಇರಬೇಕು. ನೀವು ಅಪ್ಪಿಕೊಂಡಷ್ಟೇ ಬಿಗಿಯಾಗಿ ಬಟ್ಟೆ ಬೆನ್ನನ್ನು ಹಿಡಿದಿರಬೇಕು. ಸಡಿಲ ಇದ್ದರೆ ಮಗು ಕೆಳಗೆ ಕುಸಿದು ಗದ್ದ ಎದೆಗೆ ಹೋಗುತ್ತದೆ. ಬಿಗಿ ಕಟ್ಟಿದರೆ ಪಾಪ ನೋಯುತ್ತದೆ ಎಂದು ಸಡಿಲ ಬಿಡುವವರೇ ಜಾಸ್ತಿ. ನಿಜವಾಗಿ ಸಡಿಲ ಬಿಡುವುದೇ ಅಪಾಯ.

ಯಾರು ಹೊರುತ್ತಾರೆ, ಎಲ್ಲಿ ಹೊರುತ್ತಾರೆ

ಈಗ ನಿಮ್ಮ ಕಡೆಗೆ ಬನ್ನಿ. ಹಗಲು ಮಗುವನ್ನು ನೋಡಿಕೊಳ್ಳುವವರು ಯಾರು? ನಮ್ಮ ಮನೆಯಲ್ಲಿ ನಾನು ಐದಡಿ ಒಂದಂಗುಲ, ಗಂಡ ಸುಮಾರು ಆರಡಿ, ಅತ್ತೆಗೆ ಬೆನ್ನುನೋವು. ಮೂವರಿಗೂ ಒಂದೇ ಕ್ಯಾರಿಯರ್ ಎಂದರೆ ಸೊಂಟದ ಪಟ್ಟಿ, ಭುಜದ ಪಟ್ಟಿ ಎರಡೂ ತುಂಬಾ ಹಿಗ್ಗಿ ಕುಗ್ಗಬೇಕು. ಕಂಪನಿಯವರು ಸೊಂಟದ ಅಳತೆಯ ಮಿತಿ ಕೊಟ್ಟಿರುತ್ತಾರೆ. ಪ್ಯಾಂಟಿನ ಸೈಜ್ ನೆನಪಿಸಿಕೊಂಡು ಅಂದಾಜು ಮಾಡಬೇಡಿ, ಟೇಪ್ ಹಿಡಿದು ನೋಡಿ. ಹೆರಿಗೆಯಾದ ಮೇಲೆ ಅಳತೆ ಬದಲಾಗಿರುತ್ತದೆ. ಎತ್ತರ ಕಡಿಮೆ ಇರುವವರಿಗೆ ಪಟ್ಟಿಯನ್ನು ಪೂರ್ತಿ ಎಳೆದರೂ ಸಡಿಲ ಉಳಿಯುವುದು ದೊಡ್ಡ ಕಾಟ, ಅದನ್ನೇ ಮುಖ್ಯವಾಗಿ ಪರೀಕ್ಷಿಸಿ.

ಸಿಸೇರಿಯನ್ ಆಗಿದ್ದರೆ ದಪ್ಪ ಸೊಂಟದ ಪಟ್ಟಿ ಗಾಯದ ಮೇಲೆ ಒತ್ತುತ್ತದೆ. ಡಾಕ್ಟರ್ ಸರಿ ಎನ್ನುವವರೆಗೆ ಕಾಯಿರಿ. ಆಮೇಲೂ ಕೆಲವು ವಾರ ಸೊಂಟದ ಪಟ್ಟಿಯಿಲ್ಲದ ಬಟ್ಟೆಯ ಬಗೆಗಳು ಹಾಯಾಗಿರುತ್ತವೆ, ಅಥವಾ ಪಟ್ಟಿಯನ್ನು ಗಾಯಕ್ಕಿಂತ ಮೇಲೆ ಕಟ್ಟಬಹುದು. ಮೊಳಕಾಲು, ಬೆನ್ನು ನೋವಿರುವ ಅಜ್ಜಿ ತಾತಂದಿರಿಗೆ ನಿಂತು ಹೊರುವುದಕ್ಕಿಂತ ಕೂತು ತೊಡೆ ಮೇಲೆ ಇಟ್ಟುಕೊಳ್ಳುವುದೇ ಒಳ್ಳೆಯದು. ಅವರ ಮೇಲೆ ಕ್ಯಾರಿಯರ್ ಹೇರುವುದು ನ್ಯಾಯವಲ್ಲ.

ಜಾಗವೂ ಮುಖ್ಯ. ಲಿಫ್ಟ್ ಇಲ್ಲದ ಮೂರನೇ ಮಹಡಿಯಾದರೆ, ಕಾಲಿನ ಕೆಳಗಿನ ಮೆಟ್ಟಿಲು ಕಾಣುವಂಥ ಕ್ಯಾರಿಯರ್ ಬೇಕು. ಮುಂದೆ ದಪ್ಪ ದಿಂಬಿನ ಹಾಗೆ ಉಬ್ಬಿಕೊಂಡಿರುವುದು ಬೇಡ. ಮಂಗಳೂರು, ಉಡುಪಿಯ ಸೆಖೆಗೆ, ಕಲಬುರಗಿ, ರಾಯಚೂರಿನ ಬಿಸಿಲಿಗೆ ಫೋಮ್ ತುಂಬಿದ್ದು ನರಕ. ತೆಳು ಹತ್ತಿ, ಲಿನನ್, ಜಾಲರಿ ಬಟ್ಟೆ ನೋಡಿ. ಕ್ಯಾರಿಯರ್ ಕೂಡ ಒಂದು ಪದರ ಬಟ್ಟೆಯೇ. ಅದರೊಳಗೆ ಮಗುವಿಗೆ ಒಂದೇ ತೆಳು ಅಂಗಿ ಸಾಕು. ಸೆಖೆಯೋ ಚಳಿಯೋ ಎಂದು ಕೈಕಾಲು ಮುಟ್ಟಿ ತೀರ್ಮಾನಿಸಬೇಡಿ, ಕತ್ತಿನ ಹಿಂಭಾಗ ಮುಟ್ಟಿ. ಅಲ್ಲಿ ಬೆವರಿದ್ದರೆ ಇಳಿಸಿ.

ಯಾವ ಬಗೆ?

ಐದಾರು ಬಗೆ ಸಿಗುತ್ತವೆ. ನನ್ನ ಅಭಿಪ್ರಾಯವನ್ನೂ ಸೇರಿಸಿಯೇ ಹೇಳುತ್ತೇನೆ.

ಹಿಗ್ಗುವ ರ‍್ಯಾಪ್ ಎಂದರೆ ಟೀಶರ್ಟ್ ಬಟ್ಟೆಯಂಥ ಸುಮಾರು ಐದು ಮೀಟರ್ ಉದ್ದದ ಪಟ್ಟಿ. ಮೊದಲ ಮೂರು ನಾಲ್ಕು ತಿಂಗಳಿಗೆ ಇದರಷ್ಟು ಮೆತ್ತಗೆ ಇನ್ನೊಂದಿಲ್ಲ. ಮಗು ಏಳೆಂಟು ಕೆ.ಜಿ. ಮುಟ್ಟುವಷ್ಟರಲ್ಲಿ ಜೋಲತೊಡಗುತ್ತದೆ. ಬೆನ್ನ ಮೇಲೆ ಹೊರಲು ಇದನ್ನು ಯಾವತ್ತೂ ಬಳಸಬಾರದು.

ನೇಯ್ದ ರ‍್ಯಾಪ್ ಗಟ್ಟಿ, ವರ್ಷಗಟ್ಟಲೆ ಬರುತ್ತದೆ, ಯಾರ ಮೈಗೂ ಹೊಂದುತ್ತದೆ. ಕಟ್ಟಲು ಕಲಿಯಬೇಕು ಅಷ್ಟೇ. "ಮನೆಯಲ್ಲಿ ಸೀರೆ ಇದೆಯಲ್ಲ" ಎಂದು ತುಂಬಾ ಜನ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ಹೆಂಗಸರು ಸೀರೆಯಲ್ಲೇ ಕೂಸು ಕಟ್ಟಿಕೊಂಡು ದುಡಿಯುವುದನ್ನು ನಾವೆಲ್ಲ ನೋಡಿದ್ದೇವೆ. ಸೀರೆಯ ಐದೂವರೆ ಮೀಟರ್ ಉದ್ದ ಸಾಕಷ್ಟಾಯಿತು. ಆದರೆ ಅಗಲ 45 ಅಂಗುಲದ (ಸುಮಾರು 114 ಸೆಂಟಿಮೀಟರ್) ಆಸುಪಾಸು, ರ‍್ಯಾಪ್‌ನ ಅಗಲ ಸುಮಾರು 70 ಸೆಂಟಿಮೀಟರ್ ಮಾತ್ರ. ಹಾಗಾಗಿ ಸೀರೆ ಮುದ್ದೆಯಾಗಿ ಮಗುವಿನ ಮುಖದ ಹತ್ತಿರ ಗುಡ್ಡೆ ಬೀಳುತ್ತದೆ. ರೇಷ್ಮೆ, ಪಾಲಿಯೆಸ್ಟರ್ ಜಾರುತ್ತವೆ. ಬಳಸುವುದಾದರೆ ಗಟ್ಟಿ ಕೈಮಗ್ಗದ ಹತ್ತಿ ಸೀರೆ ಆರಿಸಿ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ನೂಲು ಸವೆದ ಜಾಗ ಕಂಡರೆ ಅದು ಜೋಲಿಗೂ ಬೇಡ. ಕಟ್ಟುವ ವಿಧಾನವನ್ನು ತಿಳಿದವರ ಎದುರಿಗೇ ಕಲಿಯಿರಿ.

ರಿಂಗ್ ಸ್ಲಿಂಗ್ ನನಗೆ ತುಂಬಾ ಇಷ್ಟ. ಎರಡು ಮೀಟರ್ ಬಟ್ಟೆ, ಎರಡು ಬಳೆ. ಒಂದು ಭುಜದ ಮೇಲೆ ಹಾಕಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡರೆ ನಮ್ಮ ಅಜ್ಜಿಯಂದಿರ ಭಂಗಿಯೇ. ನಡೆಯಲು ಕಲಿತ ಮಗು ಐದು ನಿಮಿಷಕ್ಕೊಮ್ಮೆ ಹತ್ತಿ ಇಳಿಯುವಾಗ ಇದಕ್ಕೆ ಸಾಟಿಯಿಲ್ಲ. ಬಿಗಿ ಮಾಡುವ ಗುಟ್ಟು ಒಂದಿದೆ. ಜೋತಾಡುವ ಬಾಲವನ್ನು ಒಟ್ಟಿಗೆ ಜಗ್ಗಬೇಡಿ. ಮೇಲಿನ ಅಂಚನ್ನು ಹಿಡಿದು ಎಳೆದರೆ ಮಗುವಿನ ಕತ್ತಿನ ಹತ್ತಿರ ಬಿಗಿಯಾಗುತ್ತದೆ, ಕೆಳಗಿನ ಅಂಚನ್ನು ಎಳೆದರೆ ಮಂಡಿಯ ಕೆಳಗೆ. ಹೀಗೆ ಒಂದೊಂದೇ ಬೆರಳಗಲ ಹಿಡಿದು, ಇನ್ನೊಂದು ಕೈಯಿಂದ ಮಗುವಿನ ಭಾರ ಎತ್ತಿಕೊಂಡು, ಸಡಿಲ ಬಟ್ಟೆಯನ್ನು ಬಳೆಯೊಳಗೆ ಸರಿಸಬೇಕು. ಬಳೆಗಳು ಬೆಸುಗೆಯ ಗೆರೆಯಿಲ್ಲದ ಅಲ್ಯೂಮಿನಿಯಂ ಅಥವಾ ಗಟ್ಟಿ ನೈಲಾನ್ ಆಗಿರಬೇಕು. ಕರ್ಟನ್ ಅಂಗಡಿಯ ಬಳೆ ಹಾಕಿ ಮನೆಯಲ್ಲೇ ಹೊಲಿಯುವುದು ಬೇಡವೇ ಬೇಡ. ತೊಂದರೆ ಎಂದರೆ ಭಾರ ಒಂದೇ ಭುಜಕ್ಕೆ ಬೀಳುತ್ತದೆ, ಅರ್ಧ ಗಂಟೆಗೆ ಬದಿ ಬದಲಿಸಬೇಕು.

ಬಕಲ್ ಕ್ಯಾರಿಯರ್ ಅಪ್ಪಂದಿರಿಗೆ ಬೇಗ ಒಗ್ಗುತ್ತದೆ, ದೂರ ನಡೆಯಲು ಇದೇ ಮೇಲು. ಕೂರುವ ಅಗಲವನ್ನು ಹೆಚ್ಚು ಕಡಿಮೆ ಮಾಡಬಹುದಾದದ್ದನ್ನೇ ಕೊಳ್ಳಿ. ಒಂದೇ ವಸ್ತು ಮೂರು ತಿಂಗಳಿಗೂ ಎರಡು ವರ್ಷಕ್ಕೂ ಆಗುತ್ತದೆ. ಚೀನಾ ಮೂಲದ ಮೇ ತಾಯ್ ಇದರ ತಂಗಿ ಇದ್ದ ಹಾಗೆ, ಬಕಲ್ ಬದಲು ಉದ್ದ ಪಟ್ಟಿಗಳನ್ನು ಗಂಟು ಹಾಕುವುದು. ಬೆಟ್ಟ ಹತ್ತುವವರ ಲೋಹದ ಚೌಕಟ್ಟಿನ ಬ್ಯಾಗ್ ಚೆನ್ನಾಗಿ ಕೂರಲು ಕಲಿತ ಮಕ್ಕಳಿಗೆ ಮಾತ್ರ.

ಒಂದೇ ಒಂದು ಕೊಳ್ಳಲು ಸಾಧ್ಯ ಎನ್ನುವವರಿಗೆ ನಾನು ಹೇಳುವುದು ಅಗಲ ಹೊಂದಿಸಬಹುದಾದ ಬಕಲ್ ಕ್ಯಾರಿಯರ್.

ರಾಗಿ ಚೀಲದ ಪರೀಕ್ಷೆ

ಸಾಧ್ಯವಿದ್ದರೆ ಅಂಗಡಿಯಲ್ಲಿ ಹಾಕಿ ನೋಡಿ, ಬಾಡಿಗೆಗೆ ಸಿಕ್ಕರೆ ಒಂದು ವಾರ ತನ್ನಿ. ಮನೆಗೆ ತಂದ ಮೇಲೆ ಮೊದಲ ಸವಾರಿ ಮಗುವಿಗೆ ಬೇಡ. ಐದು ಕೆ.ಜಿ. ರಾಗಿಯನ್ನೋ ಅಕ್ಕಿಯನ್ನೋ ಚೀಲದಲ್ಲಿ ಕಟ್ಟಿ ಕೂರಿಸಿ. ಸೊಂಟದ ಪಟ್ಟಿಯನ್ನು ಬದಿಯ ಮೂಳೆಗಿಂತ ಸ್ವಲ್ಪ ಮೇಲೆ ಬಿಗಿಯಾಗಿ ಕಟ್ಟಿ, ಆಮೇಲೆ ಭುಜದ ಪಟ್ಟಿ. ಬೆನ್ನ ಹಿಂದಿನ ಅಡ್ಡಪಟ್ಟಿ ಭುಜದ ಹಲಗೆಗಳ ನಡುವೆ ಬರಬೇಕು, ಕತ್ತಿನ ಬುಡದಲ್ಲಿ ಅಲ್ಲ. ನನ್ನ ಕತ್ತುನೋವಿಗೆ ಅರ್ಧ ಕಾರಣ ಅದೇ ಆಗಿತ್ತು. ಇಪ್ಪತ್ತು ನಿಮಿಷ ಮನೆಯಲ್ಲಿ ಓಡಾಡಿ, ಮೆಟ್ಟಿಲು ಹತ್ತಿ ಇಳಿಯಿರಿ. ಭಾರ ಸೊಂಟಕ್ಕೆ ಬರುತ್ತಿದ್ದರೆ ಸರಿ. ಭುಜ ಜಗ್ಗುತ್ತಿದ್ದರೆ ಸೊಂಟದ ಪಟ್ಟಿ ಸಡಿಲ ಅಥವಾ ಕೆಳಗಿದೆ.

ಮಗುವನ್ನು ಕೂರಿಸುವುದು ಹೊಟ್ಟೆ ತುಂಬಿ ಖುಷಿಯಾಗಿರುವ ಹೊತ್ತಲ್ಲಿ, ಹಾಸಿಗೆಯ ಪಕ್ಕದಲ್ಲಿ, ಇನ್ನೊಬ್ಬರು ಜೊತೆಗಿದ್ದಾಗ. ಎಣ್ಣೆ ಹಚ್ಚಿದ ಮೈ ಜಾರುತ್ತದೆ, ಸ್ನಾನ ಆಗಲಿ. ಕೂರಿಸಿದ ಮೇಲೆ ಎರಡೂ ಮಂಡಿಯ ಕೆಳಗೆ ಕೈ ಕೊಟ್ಟು ಮೆಲ್ಲಗೆ ಮೇಲಕ್ಕೂ ಒಳಕ್ಕೂ ತಳ್ಳಿ. ಅಂಡು ಕೆಳಗೆ ಇಳಿದು ಬೆನ್ನು ತಾನಾಗೇ ಬಾಗುತ್ತದೆ. ಕೊನೆಗೆ ಮಗುವಿನ ತಲೆಗೆ ಕೈ ಹಿಡಿದು ಸ್ವಲ್ಪ ಮುಂದೆ ಬಗ್ಗಿ. ಮಗು ನಿಮ್ಮ ಎದೆಯಿಂದ ದೂರ ಸರಿದರೆ ಇನ್ನೂ ಬಿಗಿ ಬೇಕು. ಬಿದ್ದದ್ದು ಎತ್ತುವಾಗ ಮಂಡಿ ಬಗ್ಗಿಸಿ ಕೂರಿ, ಸೊಂಟದಿಂದ ಬಗ್ಗಬೇಡಿ.

ಮುಖ ಹೊರಗೆ ಮಾಡಿ ಕೂರಿಸುವುದು ಕತ್ತು ಗಟ್ಟಿ ನಿಂತ ಮೇಲೆ, ಐದಾರು ತಿಂಗಳಿಗೆ, ಅದೂ ಸ್ವಲ್ಪ ಹೊತ್ತು. ತೂಕಡಿಸಿದ ಕೂಡಲೇ ಒಳಗೆ ತಿರುಗಿಸಿ. ಬೆನ್ನ ಮೇಲೆ ಹೊರುವುದು ಮಗು ಆಸರೆಯಿಲ್ಲದೆ ಕೂರಲು ಕಲಿತ ಮೇಲೆ.

ಸ್ಕೂಟರ್ ಮೇಲೆ ಬೇಡ

ಬೆಂಗಳೂರಿನ ರಸ್ತೆಯಲ್ಲಿ ಎದೆಗೆ ಕ್ಯಾರಿಯರ್ ಕಟ್ಟಿಕೊಂಡು ಸ್ಕೂಟರ್ ಓಡಿಸುವವರನ್ನು ಕಂಡಾಗ ನನಗೆ ಹೊಟ್ಟೆ ಕಿವುಚುತ್ತದೆ. ಕ್ಯಾರಿಯರ್ ನಡೆಯುವವರಿಗಾಗಿ ಮಾಡಿದ್ದು. ಬಿದ್ದರೆ ಮಗು ನಿಮ್ಮ ಮೈಯ ಭಾರದ ಕೆಳಗೆ ಸಿಗುತ್ತದೆ. 2022ರಲ್ಲಿ ತಿದ್ದಿದ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ 9 ತಿಂಗಳಿಂದ 4 ವರ್ಷದ ಮಗುವನ್ನು ಬೈಕಿನಲ್ಲಿ ಹಿಂದೆ ಕೂರಿಸಿಕೊಳ್ಳಲು ಸೇಫ್ಟಿ ಹಾರ್ನೆಸ್, ಅಳತೆಯ ಹೆಲ್ಮೆಟ್ ಬೇಕು, ವೇಗ 40 ಕಿ.ಮೀ. ಮೀರಬಾರದು. ಆ ಹಾರ್ನೆಸ್ ಬೇರೆ ವಸ್ತು, ಬೇಬಿ ಕ್ಯಾರಿಯರ್ ಅಲ್ಲ. ಕಾರಿನಲ್ಲೂ ಕ್ಯಾರಿಯರ್ ಕಾರ್ ಸೀಟಿನ ಬದಲಿಗೆ ಬರುವುದಿಲ್ಲ. ಒಲೆಯ ಮುಂದೆ, ಬಿಸಿ ಕಾಫಿ ಕುಡಿಯುವಾಗ ಕೂಡ ಮಗುವನ್ನು ಇಳಿಸಿ.

ಅಜ್ಜಿಯ ಎರಡು ಪ್ರಶ್ನೆ

"ಕಾಲು ಬಿಲ್ಲಾಗಲ್ವಾ?" ಇಲ್ಲ. ಹುಟ್ಟಿದ ಎಲ್ಲ ಮಕ್ಕಳ ಕಾಲೂ ಸ್ವಲ್ಪ ಬಿಲ್ಲಿನ ಹಾಗೇ ಇರುತ್ತದೆ, ಒಂದೂವರೆ ಎರಡು ವರ್ಷದ ಹೊತ್ತಿಗೆ ತಾನಾಗೇ ನೇರವಾಗುತ್ತದೆ. ಕ್ಯಾರಿಯರ್‌ನಿಂದ ಅದು ಬರುವುದಿಲ್ಲ.

"ಎತ್ತಿ ಎತ್ತಿ ರೂಢಿಯಾದರೆ?" ಇದಕ್ಕೆ 1986ರಲ್ಲಿ ಪ್ರಕಟವಾದ, ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ಒಂದು ಅಧ್ಯಯನ ನೆನಪಾಗುತ್ತದೆ. ದಿನಕ್ಕೆ ಮೂರು ಗಂಟೆಯಾದರೂ ಎತ್ತಿಕೊಳ್ಳಲು ಹೇಳಿದ್ದ ತಾಯಂದಿರ ಮಕ್ಕಳು, ಆರು ವಾರದ ವಯಸ್ಸಿಗೆ ಉಳಿದ ಮಕ್ಕಳಿಗಿಂತ 43% ಕಡಿಮೆ ಅತ್ತಿದ್ದವು. ಆರು ವಾರವೆಂದರೆ ಮಕ್ಕಳು ಅತಿ ಹೆಚ್ಚು ಅಳುವ ಕಾಲ. ನಮ್ಮ ಮನೆಯಲ್ಲಿ ಸಂಜೆ ಆರರ ಅಳು ಶುರುವಾದಾಗ, ಅಗಲ ಹೊಂದಿಸುವ ಎರಡನೇ ಕ್ಯಾರಿಯರ್‌ನಲ್ಲಿ ಅವಳನ್ನು ಕಟ್ಟಿಕೊಂಡು ಗಂಡ ಟೆರೇಸಿಗೆ ಹೋಗುತ್ತಿದ್ದರು. ಹತ್ತು ಸುತ್ತಿನೊಳಗೆ ಅವಳ ಬಾಯಿ ಅರ್ಧ ತೆರೆದು, ಕೆನ್ನೆ ಅವರ ಅಂಗಿಗೆ ಒತ್ತಿ ನಿದ್ದೆ.

ಕೊಳ್ಳುವಾಗ, ಕೊಂಡ ಮೇಲೆ

ಚೀಟಿಯಲ್ಲಿ ಕನಿಷ್ಠ ಗರಿಷ್ಠ ತೂಕ, ಬಟ್ಟೆಯ ವಿವರ, ಯಾವ ಸುರಕ್ಷತಾ ಮಾನದಂಡ ಎನ್ನುವುದು ಇರಬೇಕು. ಬಕಲ್ ಕ್ಯಾರಿಯರ್‌ಗೆ ಅಮೆರಿಕದ ಎಎಸ್‌ಟಿಎಂ ಎಫ್2236, ಯುರೋಪಿನ ಇಎನ್ 13209, ಸ್ಲಿಂಗ್‌ಗೆ ಎಎಸ್‌ಟಿಎಂ ಎಫ್2907 ಎಂದು ಬರೆದಿರುತ್ತಾರೆ. ಏನೂ ಬರೆಯದ ಅಗ್ಗದ ವಸ್ತು ಬೇಡ. ವಾಪಸ್ ತೆಗೆದುಕೊಳ್ಳುತ್ತಾರಾ ಎಂದು ಮೊದಲೇ ಕೇಳಿ.

ಅಕ್ಕನೋ ಗೆಳತಿಯೋ ಬಳಸಿದ್ದು ಸಿಕ್ಕರೆ ಖುಷಿಯಿಂದ ತೆಗೆದುಕೊಳ್ಳಿ. ಆದರೆ ಭುಜದ ಪಟ್ಟಿ ಪ್ಯಾನೆಲ್‌ಗೆ ಸೇರುವ ಹೊಲಿಗೆಯನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿ, ಬಕಲ್‌ಗಳನ್ನು ಹತ್ತು ಸಲ ಹಾಕಿ ತೆಗೆಯಿರಿ. ಒಂದು ಸಲ "ಟಕ್" ಎನ್ನದಿದ್ದರೂ ಬೇಡ. ನಿಮ್ಮದನ್ನೂ ವಾರಕ್ಕೊಮ್ಮೆ ಹೀಗೇ ನೋಡಿ. ಮಗು ಭುಜದ ಪಟ್ಟಿಯನ್ನು ಚೀಪುತ್ತದೆ. ಎರಡು ಹತ್ತಿ ಬಟ್ಟೆಯ ತುಂಡಿಗೆ ಗುಂಡಿ ಹೊಲಿದು ಸುತ್ತಿಟ್ಟರೆ, ದಿನಾ ಅದನ್ನಷ್ಟೇ ಬಿಚ್ಚಿ ಒಗೆಯಬಹುದು. ತಿಂಗಳಿಗೊಮ್ಮೆ ಮಂಡಿಯ ಹಿಂದೆ ಟೇಪ್ ಹಿಡಿದು ಅಗಲ ಹೊಂದಿಸಿ. ಮಕ್ಕಳು ಬೇಗ ಬೆಳೆಯುತ್ತವೆ, ಬಟ್ಟೆ ಮಂಡಿಯಿಂದ ಎರಡು ಬೆರಳು ಹಿಂದೆ ಸರಿದದ್ದು ನಮ್ಮ ಗಮನಕ್ಕೇ ಬಂದಿರುವುದಿಲ್ಲ.